ಸೋರುವ ಜಾಗ ಮೊದಲು ಹುಡುಕೋಣ



ತೂಕ ಇಳಿಸಲು ಆರು ವರ್ಷದ ಹಿಂದೆ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಜಠರದ ಮುಕ್ಕಾಲು ಭಾಗ ತೆಗೆದರು. 34 ಕಿಲೋ ಇಳಿಯಿತು. 21 ಮರಳಿ ಬಂತು. ನಾಚಿಕೆಯಿಂದ ದಾಸೋಹದ ಪಂಕ್ತಿಗೂ ಹೋಗದಾದೆ. ಈಗ ಬೈಪಾಸ್‌ಗೆ ಬದಲಿಸುವ ಸಲಹೆ ಬಂದಿದೆ.

ನಾಲೆ ಸೋರಿದರೆ ಮೊದಲು ಸೋರುವ ಜಾಗ ಹುಡುಕಬೇಕು. ನೌಕರಿಯಲ್ಲಿ ಕಲಿತದ್ದು ಇದು. ಎಂಡೋಸ್ಕೋಪಿ, ಬೇರಿಯಂ ಎಕ್ಸ್‌ರೇ ಮಾಡಿಸಿದೆ. ಜಠರ ಹಿಗ್ಗಿರಲಿಲ್ಲ. ತಿಂದದ್ದನ್ನೆಲ್ಲ ಬರೆದಿಟ್ಟಾಗ ಸೋರಿಕೆ ಸಿಕ್ಕಿತು: ದಿನಕ್ಕೆ ಏಳು ಸಕ್ಕರೆ ಚಹಾ. ದ್ರವ ಕಿರಿದಾದ ಜಠರದಲ್ಲಿ ನಿಲ್ಲದೆ ಜಾರಿಹೋಗುತ್ತದೆ, ಹೊಟ್ಟೆ ತುಂಬಿದಂತೆ ಅನಿಸುವುದೇ ಇಲ್ಲ.

ಎರಡನೇ ಶಸ್ತ್ರಚಿಕಿತ್ಸೆಯಲ್ಲಿ ಅಪಾಯ ಮೊದಲಿಗಿಂತ ಹೆಚ್ಚು. ವೈದ್ಯರ ಒಪ್ಪಿಗೆಯಿಂದಲೇ ಆರು ತಿಂಗಳು ಕಾಯುತ್ತಿದ್ದೇನೆ. ಎದೆಯುರಿ, ಹುಳಿತೇಗು ಕಾಡುವವರ ಮಾತು ಬೇರೆ. ಅವರಿಗೆ ಬೈಪಾಸ್ ನೆರವಾಗಬಹುದು. ತೂಕ ಮರಳಿದ್ದು ಪಾಪವಲ್ಲ; ಮುಚ್ಚಿಡಬೇಡಿ.