ತೆರೆಯ ಹಿಂದಿನ ಆರ್.ಎನ್.ಎ.



ಡಿ.ಎನ್.ಎ.ಯಲ್ಲಿರುವ ಸಂದೇಶವನ್ನು ಆರ್.ಎನ್.ಎ. ಹೊತ್ತು ತರುತ್ತದೆ, ಅದರಂತೆ ಪ್ರೋಟೀನು ತಯಾರಾಗುತ್ತದೆ. ಇದು ನೀವು ತರಗತಿಯಲ್ಲಿ ಕಲಿತ ಪಾಠ. ಆದರೆ ಮನುಷ್ಯನ ಡಿ.ಎನ್.ಎ.ಯಲ್ಲಿ ಪ್ರೋಟೀನಿನ ಸಂಕೇತವಿರುವ ಭಾಗ ಶೇಕಡಾ 2ಕ್ಕಿಂತಲೂ ಕಡಿಮೆ! ಉಳಿದ ಭಾಗದಿಂದಲೂ ಸಾವಿರಾರು ಬಗೆಯ ಆರ್.ಎನ್.ಎ.ಗಳು ಹುಟ್ಟುತ್ತವೆ. ಪ್ರೋಟೀನಿಗೆ ಸಂಕೇತವಾಗದ ಇವುಗಳಿಗೆ ಏನು ಕೆಲಸ?

ನಮ್ಮ ಸ್ಟುಡಿಯೋವನ್ನೇ ನೋಡಿ. ನಿಮಗೆ ಕಾಣುವವರು ಕ್ಯಾಮೆರಾದ ಮುಂದಿರುವ ಇಬ್ಬರು ಮೂವರು. ಯಾವಾಗ ಮಾತನಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಸನ್ನೆ ಮಾಡುವವರು ಹಿಂದಿರುತ್ತಾರೆ. ಈ ಆರ್.ಎನ್.ಎ.ಗಳಲ್ಲಿ ಹಲವು ಅಂಥವು.

1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಕಂಡರು. ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋ ಆರ್.ಎನ್.ಎ.ಯು ಸಂದೇಶವಾಹಕ ಆರ್.ಎನ್.ಎ.ಗೆ ಅಂಟಿಕೊಂಡು ಪ್ರೋಟೀನಿನ ತಯಾರಿಕೆಯನ್ನು ತಡೆಯುತ್ತದೆ. ಇವರಿಬ್ಬರಿಗೆ 2024ರ ನೊಬೆಲ್ ಪ್ರಶಸ್ತಿ ಬಂದಿತು.

ಈಗ ಅಂಡಾಶಯದ ಕ್ಯಾನ್ಸರಿಗೆ ಬರೋಣ. ನೆರೆಯ ಜೀವಕೋಶಗಳನ್ನು ಬೆಸೆದಿಡುವ ಪ್ರೋಟೀನು ಇ-ಕ್ಯಾಡ್ಹೆರಿನ್. ಅದರ ವಂಶವಾಹಿಯನ್ನು ಅದುಮುವುದು ಜೆಬ್ ಎಂಬ ಇನ್ನೊಂದು ಪ್ರೋಟೀನು. ಈ ಜೆಬ್‌ಗೆ ಕಡಿವಾಣ ಹಾಕುವುದೇ ಮಿರ್-200 ಎಂಬ ಮೈಕ್ರೋ ಆರ್.ಎನ್.ಎ. ಕುಟುಂಬ. ಗಂತಿಯ ಕೋಶಗಳಲ್ಲಿ ಮಿರ್-200 ಕುಗ್ಗಿತೆನ್ನಿ. ಜೆಬ್ ಮೇಲುಗೈ ಪಡೆಯುತ್ತದೆ, ಬೆಸುಗೆ ಸಡಿಲಗೊಳ್ಳುತ್ತದೆ, ಕೋಶಗಳು ಚಲಿಸುವ ಗುಣ ಪಡೆಯುತ್ತವೆ. ಗಂತಿಯಿಂದ ಉದುರಿದ ಕೋಶಗಳು ಹೊಟ್ಟೆಯೊಳಗಿನ ದ್ರವದಲ್ಲಿ ತೇಲಿ, ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪೊರೆಯಲ್ಲಿ ನೆಲೆಯೂರಬಲ್ಲವು.

ಇನ್ನು ಕೆಲವು ಆರ್.ಎನ್.ಎ.ಗಳು ಬಹಳ ಉದ್ದ. 2007ರಲ್ಲಿ ವರದಿಯಾದ ಹಾಟ್‌ಏರ್‌ನಲ್ಲಿ 2000ಕ್ಕೂ ಹೆಚ್ಚು ಅಕ್ಷರಗಳಿವೆ. ಅಂಡಾಶಯದ ಗಂತಿಗಳಲ್ಲಿ ಇದು ಹೆಚ್ಚಾಗಿರುವುದಕ್ಕೂ ರೋಗ ಹರಡುವುದಕ್ಕೂ ಸಂಬಂಧವಿದೆಯೆಂದು ಅಧ್ಯಯನಗಳು ತೋರಿಸಿವೆ.

ಇದನ್ನೆಲ್ಲ ನೀವೇಕೆ ತಿಳಿಯಬೇಕು? ಈ ರೋಗ ಬಹುಪಾಲು ಹರಡಿದ ಮೇಲೆಯೇ ಪತ್ತೆಯಾಗುತ್ತದೆ. ಆರೋಗ್ಯವಂತ ಮಹಿಳೆಯರೆಲ್ಲರಿಗೂ ಮಾಡಬಹುದಾದ ನಂಬಲರ್ಹ ತಪಾಸಣೆ ಇನ್ನೂ ಇಲ್ಲ. ಮೈಕ್ರೋ ಆರ್.ಎನ್.ಎ.ಗಳು ರಕ್ತದಲ್ಲಿ ಬೇಗ ಕೆಡದೆ ಉಳಿಯುವುದರಿಂದ, ಅವುಗಳ ಮೂಲಕ ರೋಗವನ್ನು ಮೊದಲೇ ಗುರುತಿಸುವ ಪ್ರಯತ್ನ ನಡೆದಿದೆ. ನಿಮ್ಮಲ್ಲೇ ಯಾರಾದರೂ ಮುಂದೆ ಆ ಕೆಲಸಕ್ಕೆ ಕೈಹಾಕಬಹುದು.

ಅಲ್ಲಿಯವರೆಗೆ ಒಂದು ಮಾತು. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಅವಸರ – ಇವು ಹೆಚ್ಚಾಗಿ ಬೇರೆ ಕಾರಣಗಳಿಂದಲೇ ಬರುತ್ತವೆ. ಆದರೆ ಹೊಸದಾಗಿ ಶುರುವಾಗಿ ಎರಡು ಮೂರು ವಾರವಾದರೂ ಬಿಡದಿದ್ದರೆ, ಓಮದ ನೀರು ಕುಡಿದು ಸುಮ್ಮನಾಗಬಾರದು, ವೈದ್ಯರಿಗೆ ತೋರಿಸಬೇಕು. ಇಷ್ಟನ್ನು ಇಂದೇ ಮನೆಯಲ್ಲಿ ಅಮ್ಮನಿಗೆ, ಅಜ್ಜಿಗೆ ಹೇಳಿ.