ಕೀಲಿಮಣೆ ಒಂದೇ, ಕನ್ನಡವೂ ಬರುತ್ತದೆ
(ಮಾಧವನಗರದಲ್ಲಿ ಕನ್ನಡ ಶಾಲಾ ಶಿಕ್ಷಕರೆದುರು ಮಾಡಿದ ಭಾಷಣ)



“ಕನ್ನಡ ಬೆರಳಚ್ಚುಗಾರರಿಲ್ಲ, ಮರಾಠಿಯಲ್ಲೇ ಕೊಡಿರಿ” ಎಂಬ ನೆಪ ಸಾಂಗಲಿ, ಮಿರಜ, ಜತ್ತ ಕಡೆಯ ನಮಗೆ ಹೊಸದಲ್ಲ. ಇದಕ್ಕೆ ಉತ್ತರ ಗಣಕಯಂತ್ರದೊಳಗೇ ಇದೆ. ಮರಾಠಿಗೆ ಬಳಸುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯ ವಿನ್ಯಾಸವೇ ಕನ್ನಡಕ್ಕೂ ಇರುವುದು. ಇಂಗ್ಲಿಷಿನ ‘ಕೆ’ ಕೀಲಿ ಒತ್ತಿದರೆ ಎರಡರಲ್ಲೂ ‘ಕ’, ‘ಎಚ್’ ಒತ್ತಿದರೆ ಎರಡರಲ್ಲೂ ‘ಪ’. ಮುಖ್ಯವಾಗಿ, ಮರಾಠಿಗೆ ಬೇಡವಾದ ಹ್ರಸ್ವ ಎ, ಒ ಗಳನ್ನು ಹೊಸದಾಗಿ ರೂಢಿಸಿಕೊಳ್ಳಬೇಕು, ಅಷ್ಟೇ. ವಿಂಡೋಸ್‌ನ ಭಾಷಾ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿರಿ. ವಿಂಡೋಸ್ ಕೀಲಿಯನ್ನೂ ಸ್ಪೇಸ್‌ಬಾರನ್ನೂ ಕೂಡಿಯೇ ಒತ್ತಿದರೆ ಲಿಪಿ ಬದಲಾಗುತ್ತದೆ. ಕಾಸು ಖರ್ಚಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಗಂಭೀರ. ‘ನುಡಿ’, ‘ಬರಹ’ಗಳ ಹಳೆಯ ಫಾಂಟುಗಳಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆ, ಮಕ್ಕಳ ಪಟ್ಟಿಗಳಿವೆಯಲ್ಲ, ಅವು ಒಳಗೆ ಕನ್ನಡವೇ ಅಲ್ಲ, ರೋಮನ್ ಸಂಕೇತಗಳಿಗೆ ತೊಡಿಸಿದ ಕನ್ನಡದ ಅಂಗಿ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬರೀ ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ. ಯುನಿಕೋಡಿನಲ್ಲಿ ಹೀಗಾಗದು, ಅಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಜಾಗವಿದೆ. ಹಳೆಯ ಕಡತವನ್ನು ಯುನಿಕೋಡಿಗೆ ತರುವ ಪರಿವರ್ತಕ ಆ ತಂತ್ರಾಂಶಗಳ ಜೊತೆಗೇ ಬರುತ್ತದೆ. ಮೂಲವನ್ನು ಅಳಿಸಬೇಡಿರಿ, ಪ್ರತಿ ಮಾಡಿ ಪರಿವರ್ತಿಸಿರಿ. ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿರಿ. ‘ಮಲ್ಲವ್ವ’ ಪಟ್ಟಿಯಲ್ಲಿ ‘ಮಲವ’ ಆದಳೆಂದರೆ, ಶಾಲೆ ಬಿಟ್ಟ ದಾಖಲೆಯವರೆಗೂ ಆ ತಪ್ಪು ಹುಡುಗಿಯ ಬೆನ್ನು ಬಿಡದು.

ಈ ರಜೆಯಲ್ಲಿ ಮೊದಲು ಜನರಲ್ ರಜಿಸ್ಟರಿನ ಹೆಸರುಗಳನ್ನು ಮುಗಿಸಿರಿ. ಪ್ರಶ್ನೆಪತ್ರಿಕೆಗಳು ಕಾಯಲಿ.