ಹೊಲಿಗೆ ಎಳೆದು ನೋಡಿದ್ದೀರಾ?



ಇವತ್ತಿನ ವಿಷಯ ಕೇಳಿದ ಕೂಡಲೇ ಕೆಲವರು ರಿಮೋಟ್ ಹುಡುಕಬಹುದು. ದಯವಿಟ್ಟು ಹತ್ತು ನಿಮಿಷ ತಾಳಿ. ವಿಷಯ ಬಿಕಿನಿ. ಅದರಲ್ಲೂ ಆನ್‌ಲೈನ್‌ನಲ್ಲಿ ಮುನ್ನೂರು, ಐನೂರು ರೂಪಾಯಿಗೆ ಸಿಗುವ 'ರೆಟ್ರೋ' ಬಿಕಿನಿ. ಅದನ್ನು ಹಾಕಬೇಕೋ ಬೇಡವೋ, ಸಂಸ್ಕೃತಿ ಉಳಿಯುತ್ತದೋ ಹಾಳಾಗುತ್ತದೋ ಎಂಬ ಡಿಬೇಟ್ ನಾನು ಇವತ್ತು ಮಾಡುವುದಿಲ್ಲ. ಅಂಥ ಡಿಬೇಟ್‌ಗಳನ್ನು ಇದೇ ಕುರ್ಚಿಯಲ್ಲಿ ಕೂತು ನಾನೂ ನಡೆಸಿದ್ದೇನೆ, ಒಪ್ಪಿಕೊಳ್ತೇನೆ. ಒಂದು ಗಂಟೆ ಬಟ್ಟೆಯ ಬಗ್ಗೆ ಕೂಗಾಡಿದ್ದೇವೆ, ಆ ಬಟ್ಟೆಯ ಹೊಲಿಗೆ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ಇವತ್ತು ಹೊಲಿಗೆಯ ಬಗ್ಗೆ ಮಾತಾಡೋಣ.

ಮೊನ್ನೆ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆ ಹತ್ತಿರ ನನ್ನ ದೊಡ್ಡಮ್ಮನ ಮಗಳ ಮನೆ. ಅಕ್ಕ ಬೀಡಿ ಕಟ್ಟುತ್ತಾರೆ. ಅವರ ಮಗಳು ಮೂಡುಬಿದಿರೆಯಲ್ಲಿ ಡಿಗ್ರಿ ಮುಗಿಸಿದ್ದಾಳೆ. ಪರೀಕ್ಷೆ ಮುಗಿದ ಮೇಲೆ ಇವಳು, ಬಂಟ್ವಾಳದ ಮೆಲ್ಕಾರಿನ ಒಬ್ಬಳು, ಮೂಡುಬಿದಿರೆಯವಳೇ ಆದ ಇನ್ನೊಬ್ಬಳು, ಮೂವರು ಗೆಳತಿಯರು ಸೇರಿ ಗೋವಾಕ್ಕೆ ಹೋಗಿ ಬಂದಿದ್ದರು. ಟ್ಯೂಷನ್ ಹೇಳಿ ಕೂಡಿಸಿದ ದುಡ್ಡು. ಮನೆಯಲ್ಲಿ ಹೇಳಿಯೇ ಹೋಗಿದ್ದು, ಕದ್ದು ಹೋದದ್ದಲ್ಲ.

"ಗೋವಾ ಹೇಗಿತ್ತು?" ಅಂತ ಕೇಳಿದೆ. ಹುಡುಗಿ ಮುಖ ತಿರುಗಿಸಿದಳು. ರಾತ್ರಿ ಊಟ ಆದ ಮೇಲೆ ಮೆಲ್ಲಗೆ ಬಾಯಿ ಬಿಟ್ಟಳು. "ಚಿಕ್ಕಮ್ಮ, ನಾನು ನೀರಿಗಿಳಿದದ್ದು ಐದೇ ನಿಮಿಷ."

ಆಗಿದ್ದು ಇಷ್ಟು. 349 ರೂಪಾಯಿಗೆ ಒಂದು ರೆಟ್ರೋ ಸೆಟ್ ತರಿಸಿಕೊಂಡಿದ್ದಾಳೆ. ಕೆಂಪು ಬಟ್ಟೆ, ಬಿಳಿ ಚುಕ್ಕಿ, ಕುತ್ತಿಗೆಯ ಹಿಂದೆ ಕಟ್ಟುವ ದಾರ. ಎರಡನೇ ಅಲೆಗೆ ದಾರ ಸೇರುವ ಜಾಗದ ಹೊಲಿಗೆ ಬಿಟ್ಟಿತು. ಗೆಳತಿಯರು ಟವೆಲ್ ಸುತ್ತಿ ರೂಮಿಗೆ ಕರೆದುಕೊಂಡು ಬಂದರು. ಉಳಿದ ಎರಡು ದಿನ ಇವಳು ರೂಮಿನಿಂದ ಹೊರಗೆ ಬರಲಿಲ್ಲ. ಊರಿಗೆ ಬಂದ ಮೇಲೂ ಅಷ್ಟೇ. ಮಂಗಳೂರಿನಲ್ಲಿ ಈಜು ಕಲಿಯಬೇಕು ಅಂದುಕೊಂಡಿದ್ದವಳು ಈಗ ಆ ಮಾತೇ ಎತ್ತುವುದಿಲ್ಲ. ಹೋದದ್ದು 349 ರೂಪಾಯಿ ಮಾತ್ರ ಅಲ್ಲ, ಅಲ್ವಾ?

ಮಾರನೇ ದಿನ ಗೆಳತಿಯರನ್ನೂ ಬರಹೇಳಿದೆ. ಮೂರೂ ಸೆಟ್ ಜಗಲಿಯ ಮೇಲೆ ಹರಡಿದೆವು. ನಾನು ಇಂಜಿನಿಯರಿಂಗ್ ಓದಿದವಳು. ಪದವಿ ಈ ಕೆಲಸಕ್ಕೆ ಬರಲಿಲ್ಲವಾದರೂ, ಒಂದು ವಸ್ತು ಯಾಕೆ ಮುರಿಯಿತು ಅಂತ ಹುಡುಕುವ ಚಾಳಿ ಬಿಟ್ಟಿಲ್ಲ.

ಮೊದಲು ಈ 'ರೆಟ್ರೋ' ಅಂದರೇನು ನೋಡೋಣ. ಬಿಕಿನಿ ಹುಟ್ಟಿದ್ದು 1946ರಲ್ಲಿ. ಜುಲೈ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಎಂಬ ಹವಳದ ದ್ವೀಪದಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿತು. ಜುಲೈ 5ರಂದು ಪ್ಯಾರಿಸ್‌ನ ಒಂದು ಈಜುಕೊಳದಲ್ಲಿ ಲೂಯಿ ರೇಯಾರ್ ಎಂಬ ಫ್ರೆಂಚ್ ವಿನ್ಯಾಸಕ ಅದೇ ಹೆಸರಿಟ್ಟು ತನ್ನ ಉಡುಪನ್ನು ತೋರಿಸಿದ. ಆತನೂ ಇಂಜಿನಿಯರೇ ಅನ್ನುವುದು ನನಗೆ ಖುಷಿ ಕೊಟ್ಟ ಸಂಗತಿ. ನಮ್ಮಲ್ಲಿ ಶರ್ಮಿಳಾ ಟಾಗೋರ್ 1966ರಲ್ಲಿ ಫಿಲ್ಮ್‌ಫೇರ್ ಮುಖಪುಟದಲ್ಲಿ ಬಿಕಿನಿ ಧರಿಸಿ ಕಾಣಿಸಿಕೊಂಡಾಗ ಎಷ್ಟು ಗದ್ದಲ ಆಯಿತೆಂದು ಹಿರಿಯ ವೀಕ್ಷಕರಿಗೆ ನೆನಪಿರಬಹುದು.

ಇವತ್ತು ರೆಟ್ರೋ ಅಂತ ಮಾರುವುದು ಆ ನಲವತ್ತು, ಐವತ್ತರ ದಶಕದ ಹಾಲಿವುಡ್ ಮಾದರಿ. ಹೊಕ್ಕುಳ ಮೇಲಿನವರೆಗೆ ಬರುವ ಕೆಳಉಡುಪು, ಅಗಲವಾದ ಮೇಲುಡುಪು, ಚುಕ್ಕಿ ಇಲ್ಲವೇ ಗೆರೆ. ನಮ್ಮ ಹುಡುಗಿಯರಿಗೆ ಇದು ಯಾಕೆ ಇಷ್ಟ? ಕೇಳಿದೆ. "ಇದರಲ್ಲಿ ಮೈ ಜಾಸ್ತಿ ಮುಚ್ತದೆ ಅಲ್ವಾ ಅಕ್ಕ" ಅಂದಳು ಮೆಲ್ಕಾರಿನ ಹುಡುಗಿ. ಅಂದರೆ ಇವರು ಇದನ್ನು ಆರಿಸಿಕೊಂಡದ್ದೇ ಮರ್ಯಾದೆಗೆ ಅಂಜಿ. ಕೈಕೊಟ್ಟದ್ದೂ ಅದೇ ಉಡುಪು.

ಯಾಕೆ ಕೈಕೊಟ್ಟಿತು? ಆ ಕಾಲದ ಈಜುಡುಪಿಗೆ ಒಳಗಡೆ ಒಂದು ಕಟ್ಟಡ ಇರುತ್ತಿತ್ತು. ದಪ್ಪ ಒಳಪದರ, ಆಕಾರ ಹಿಡಿದಿಡುವ ಕಡ್ಡಿಗಳು, ರಬ್ಬರ್ ಎಳೆ ಸೇರಿಸಿದ ಬಟ್ಟೆ. ಈಗ ನಾವು ಲೈಕ್ರಾ, ಸ್ಪ್ಯಾಂಡೆಕ್ಸ್ ಅನ್ನುವ ನೂಲು ಆಗ ಇರಲಿಲ್ಲ. ಅದನ್ನು ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದ್ದು 1958ರಲ್ಲಿ. ಅಗ್ಗದ ರೆಟ್ರೋ ಸೆಟ್‌ನಲ್ಲಿ ಫೋಟೋದಲ್ಲಿ ಕಾಣುವುದೆಲ್ಲ ಇರುತ್ತದೆ, ಚುಕ್ಕಿ, ಗಂಟು, ಚಿನ್ನದ ಬಣ್ಣದ ಬಳೆ. ಫೋಟೋದಲ್ಲಿ ಕಾಣದ ಒಳಪದರ, ಇಲಾಸ್ಟಿಕ್, ಹೊಲಿಗೆ, ಇವುಗಳಲ್ಲಿ ಕತ್ತರಿ. ಉಳಿತಾಯ ಮಾಡಲು ಅವರಿಗಿರುವ ಜಾಗ ಅದೊಂದೇ.

ಈಗ ಜಗಲಿಗೆ ಬನ್ನಿ. ನಾನು ಲೇಬಲ್ ಓದುತ್ತಾ ಕೂತಿದ್ದೆ. ಅಕ್ಕ ಬೀಡಿಯ ತಡ್ಪೆ ಬದಿಗಿಟ್ಟು ಎದ್ದು ಬಂದರು. ಮಗಳ ಸೆಟ್ ಕೈಗೆತ್ತಿಕೊಂಡು, ಎರಡು ಹೆಬ್ಬೆರಳಿನಿಂದ ಹೊಲಿಗೆಯ ಎರಡೂ ಬದಿ ಹಿಡಿದು ಎಳೆದರು. ಟಪ್ ಟಪ್ ಅಂತ ನೂಲು ಹರಿಯಿತು. "ಇದು ನೇರ ಹೊಲಿಗೆ ಮಾರಾಯ್ತಿ. ಬಟ್ಟೆ ಎಳೀತದೆ, ನೂಲು ಎಳೀಲಿಕ್ಕಿಲ್ಲ. ಮತ್ತೆ ತುಂಡಾಗದೆ ಏನಾಗ್ತದೆ?" ಅಂದರು.

ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನಾನು ಹೇಳಬೇಕಿದ್ದ ಉತ್ತರ ಅದೇ. ಹಿಗ್ಗುವ ಬಟ್ಟೆಗೆ ಹಿಗ್ಗುವ ಹೊಲಿಗೆಯೇ ಬೇಕು, ಅಂಕುಡೊಂಕಾದ ಝಿಗ್‌ಝ್ಯಾಗ್, ಓವರ್‌ಲಾಕ್ ಅಥವಾ ಒಳಗೆ ಜಾಲದಂತೆ ಕಾಣುವ ಕವರ್ ಸ್ಟಿಚ್. ಅಕ್ಕ ಈಜುಡುಪು ಮುಟ್ಟಿದ್ದು ಅದೇ ಮೊದಲು. ಬಂಟ್ವಾಳದ ತವರಿನಲ್ಲಿ ನೇತ್ರಾವತಿಗೆ ಲಂಗ ಎತ್ತಿಕಟ್ಟಿ ಇಳಿದು ಈಜು ಕಲಿತವರು ಅವರು. ಆದರೆ ಮೂವತ್ತು ವರ್ಷದಿಂದ ಎಲೆ ಕತ್ತರಿಸಿ, ನೂಲು ಸುತ್ತಿ, ಬ್ರಾಂಚಿನಲ್ಲಿ ಒಂದೊಂದು ಕಟ್ಟನ್ನೂ ಪರೀಕ್ಷೆಗೆ ಒಡ್ಡಿದ ಕೈ ಅದು. ಸಡಿಲ ಕಟ್ಟಿದ ಬೀಡಿಯನ್ನು ಅಲ್ಲಿ ತೆಗೆದು ಬಿಸಾಡುತ್ತಾರೆ. ಆ ಕೈಗೆ ಹುಸಿ ಕೆಲಸ ಗೊತ್ತಾಗದೇ ಇರುತ್ತದಾ?

ಹಾಗಾದರೆ ಕೊಂಡ ದಿನವೇ ಆ ಕೈಗೆ ಅದನ್ನು ಯಾಕೆ ಕೊಡಲಿಲ್ಲ? ಇಲ್ಲಿಗೆ ಬರಬೇಕು ಅಂತಲೇ ಇಷ್ಟು ಹೊತ್ತು ಮಾತಾಡಿದೆ.

ಬಿ.ಸಿ. ರೋಡಿನಲ್ಲೋ ಮೂಡುಬಿದಿರೆ ಪೇಟೆಯಲ್ಲೋ ಸೀರೆ ಅಂಗಡಿಗೆ ಹೋಗಿ ನೋಡಿ. ನಮ್ಮ ಹೆಂಗಸರು ಇಪ್ಪತ್ತು ಸೀರೆ ಬಿಚ್ಚಿಸುತ್ತಾರೆ. ಸೆರಗನ್ನು ಬೆಳಕಿಗೆ ಹಿಡಿಯುತ್ತಾರೆ, ಅಂಚು ಉಜ್ಜುತ್ತಾರೆ, "ಬಣ್ಣ ಹೋಗ್ತದಾ?" ಅಂತ ಮೂರು ಸಲ ಕೇಳುತ್ತಾರೆ. ಅದೇ ಹೆಂಗಸರು ಒಳಉಡುಪು ಕೊಳ್ಳುವಾಗ? ಅಂಗಡಿಯವನು ಪೇಪರ್‌ನಲ್ಲಿ ಸುತ್ತಿ ಕೊಟ್ಟದ್ದನ್ನು ಬಿಚ್ಚದೆ ಬ್ಯಾಗಿಗೆ ಹಾಕಿ ಹೊರಗೆ ಬಂದಿರುತ್ತಾರೆ. ಈಜುಡುಪಂತೂ ಅಂಗಡಿಯಲ್ಲಿ ಕೇಳುವುದೇ ಕಷ್ಟ, ಆದ್ದರಿಂದ ಮೊಬೈಲ್‌ನಲ್ಲಿ ಆರ್ಡರ್. ಪಾರ್ಸೆಲ್ ಬಂದರೆ ಬೀರುವಿನ ಅಡಿಗೆ. ಯಾರಿಗೂ ತೋರಿಸುವ ಹಾಗಿಲ್ಲ, ಯಾರನ್ನೂ ಕೇಳುವ ಹಾಗಿಲ್ಲ. ಕೆಟ್ಟ ಮಾಲು ಮಾರುವವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಬೇಕಾ? ನಮ್ಮ ನಾಚಿಕೆ ಅವನ ಲಾಭ.

ಇನ್ನೊಂದು ಮಾತು. ದುಡ್ಡು ಜಾಸ್ತಿ ಕೊಟ್ಟರೆ ಸರಿಯಾಗುತ್ತದೆ ಅಂತ ತಿಳಿಯಬೇಡಿ. ಮೂಡುಬಿದಿರೆಯ ಹುಡುಗಿ ಕೊಟ್ಟದ್ದು 1,190 ರೂಪಾಯಿ. ಹೊಲಿಗೆ ಗಟ್ಟಿ ಇತ್ತು, ಆದರೆ ಎದೆಯ ಮಧ್ಯದ ಲೋಹದ ಬಳೆ ಉಪ್ಪುನೀರಿಗೆ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ. ಎಳೆದ ಕಡೆ ಚುಕ್ಕಿಗಳೂ ಬಿರುಕು ಬಿಟ್ಟಿದ್ದವು. ಮೆಲ್ಕಾರಿನವಳದ್ದು 599 ರೂಪಾಯಿಯ ಕಪ್ಪು ಬಣ್ಣದ ಸಾದಾ ಸೆಟ್. ಬಳೆ ಇಲ್ಲ, ಚುಕ್ಕಿ ಇಲ್ಲ, ಪೂರ್ತಿ ಒಳಪದರ. ಅದಕ್ಕೆ ಏನೂ ಆಗಿರಲಿಲ್ಲ. ಲೆಕ್ಕ ಹಾಕಿ. ಒಂದೇ ಸಲ ಹಾಕಿದ್ದಕ್ಕೆ 349 ರೂಪಾಯಿ. 599ರದ್ದನ್ನು 20 ಸಲ ಹಾಕಿದರೆ ಸಲಕ್ಕೆ 30 ರೂಪಾಯಿ. ಅಗ್ಗ ಯಾವುದು?

ಕಡಿಮೆ ದುಡ್ಡಿನಲ್ಲಿ ಕೊಳ್ಳುವವರು ಪಾರ್ಸೆಲ್ ಬಂದ ದಿನ, ಬಾಗಿಲು ಹಾಕಿಕೊಂಡಾದರೂ ಸರಿ, ಇಷ್ಟು ನೋಡಿ. ಲೇಬಲ್‌ನಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಸ್ಪ್ಯಾಂಡೆಕ್ಸ್ ಇಲ್ಲವೇ ಇಲಾಸ್ಟೇನ್ ಇರಬೇಕು. ಹತ್ತಿ ಜಾಸ್ತಿ ಇದ್ದರೆ ನೀರು ಕುಡಿದು ಜೋತು ಬೀಳುತ್ತದೆ. ಬಟ್ಟೆಯನ್ನು ಉದ್ದಕ್ಕೂ ಅಗಲಕ್ಕೂ ಎಳೆದು ಬಿಡಿ, ಕೂಡಲೇ ಮೊದಲಿನಂತಾಗಬೇಕು. ಅಂಗೈ ಮೇಲೆ ಬಿಗಿಯಾಗಿ ಹಿಡಿದು ಅಡಿಯಿಂದ ಮೊಬೈಲ್ ಟಾರ್ಚ್ ಹಾಕಿ. ಬೆರಳಿನ ಗೆರೆ ಸ್ಪಷ್ಟ ಕಂಡರೆ ಒದ್ದೆಯಾದಾಗ ಇನ್ನೂ ಹೆಚ್ಚು ಕಾಣುತ್ತದೆ. ತಿಳಿ ಬಣ್ಣದ್ದಾದರೆ ಇದನ್ನು ಮರೆಯಲೇಬೇಡಿ. ಒಳಪದರ ಮುಂದೆ ಮಾತ್ರ ಇದೆಯೋ ಹಿಂದೆಯೂ ಇದೆಯೋ ನೋಡಿ. ಕಟ್ಟುವ ದಾರದ ಬುಡದ ಹೊಲಿಗೆ ಎಳೆಯಿರಿ. ಪ್ಯಾಡ್ ನೀರು ಹೀರಿದಾಗ ಭಾರವೆಲ್ಲ ಬೀಳುವುದು ಅಲ್ಲಿಗೇ. ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಉಜ್ಜಿ, ಬಣ್ಣ ಹತ್ತುತ್ತದಾ ನೋಡಿ. ಲೋಹದ ಕೊಂಡಿ, ಬಳೆಗೆ ಫ್ರಿಜ್ ಮೇಲಿನ ಆಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿಕೊಂಡರೆ ಒಳಗಿರುವುದು ಹೆಚ್ಚಾಗಿ ಕಬ್ಬಿಣ, ತುಕ್ಕು ಹಿಡಿಯಬಹುದು. ರೆಟ್ರೋ ಕೆಳಉಡುಪು ಹಾಕಿಕೊಂಡು ಎರಡು ಸಲ ಕೂತು ಎದ್ದು ನೋಡಿ. ಸೊಂಟದ ಪಟ್ಟಿ ಸುರುಳಿ ಸುತ್ತಿ ಕೆಳಗಿಳಿದರೆ ನೀರಿನಲ್ಲಿ ಕೇಳುವುದೇ ಬೇಡ. ಟ್ಯಾಗ್ ಮಾತ್ರ ಕೀಳಬೇಡಿ.

ಒಳ್ಳೆಯದನ್ನು ಕೊಂಡರೂ ಉಳಿಸಿಕೊಳ್ಳಬೇಕಲ್ಲ? ಈಜುಕೊಳದ ಕ್ಲೋರಿನ್ ಸ್ಪ್ಯಾಂಡೆಕ್ಸ್ ಎಳೆಯನ್ನು ತಿನ್ನುತ್ತದೆ. ಹೊರಗೆ ಬಂದ ಕೂಡಲೇ ಸಾದಾ ತಣ್ಣೀರಿನಲ್ಲಿ ಜಾಲಾಡಿ. ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ಬಿಸಿನೀರು, ವಾಷಿಂಗ್ ಮೆಷಿನ್, ಇಸ್ತ್ರಿ ಬೇಡ. ತೆಂಗಿನೆಣ್ಣೆ, ಸನ್‌ಸ್ಕ್ರೀನ್ ಕೂಡ ಇಲಾಸ್ಟಿಕ್‌ಗೆ ಆಗದು. ನೆರಳಲ್ಲಿ ಒಣಗಿಸಿ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಒಣಗುವುದು ನಿಧಾನ, ಫ್ಯಾನ್ ಅಡಿಗೆ ಹರಡಿ. ಯಾರಿಗೂ ಕಾಣಬಾರದು ಅಂತ ಒದ್ದೆಯನ್ನೇ ಮಡಚಿ ಬೀರುವಿನಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ. ನೋಡಿ, ಇಲ್ಲೂ ಅದೇ ನಾಚಿಕೆ.

ಕೊನೆಗೆ ಕಾನೂನು. ಈ ಹುಡುಗಿ ಪರೀಕ್ಷಿಸದೆ ಇಟ್ಟುಕೊಂಡದ್ದಕ್ಕೆ ಇನ್ನೊಂದು ಕಾರಣ, "ಇಂಥ ಬಟ್ಟೆ ವಾಪಸ್ ತಗೊಳ್ಳುವುದಿಲ್ಲ" ಅಂತ ಬರೆದಿತ್ತಂತೆ. ಮನಸ್ಸು ಬದಲಾಯಿತು ಅಂತ ವಾಪಸ್ ಮಾಡುವುದು ಬೇರೆ, ಮಾಲೇ ದೋಷದ್ದಾಗಿರುವುದು ಬೇರೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ವಸ್ತು ದೋಷಪೂರಿತವಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣ ಅದರಲ್ಲಿ ಇಲ್ಲದಿದ್ದರೆ ಮಾರಾಟಗಾರ ವಾಪಸ್ ಪಡೆಯಲು ನಿರಾಕರಿಸುವ ಹಾಗಿಲ್ಲ. ಫೋಟೋ ತೆಗೆದಿಟ್ಟುಕೊಳ್ಳಿ, ಮೊದಲು ಕಂಪನಿಗೆ ದೂರು ಕೊಡಿ, ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದೂ ಆಗಲಿಲ್ಲವೆಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ವಸ್ತುವಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ಫೋನ್‌ನಲ್ಲಿ 'ಬಿಕಿನಿ' ಅನ್ನಲು ನಾಲಗೆ ತಡವರಿಸಿದರೆ 'ಈಜುಡುಪು' ಅನ್ನಿ. ಆದರೆ ಸುಮ್ಮನೆ ಕೂರಬೇಡಿ.

ನಮ್ಮ ಹುಡುಗಿ ದೂರು ಕೊಟ್ಟಿದ್ದಾಳೆ. ದುಡ್ಡು ಬರುತ್ತದೋ ಇಲ್ಲವೋ ನೋಡೋಣ. ನಾನು ಹೊರಟು ಬರುವ ಹೊತ್ತಿಗೆ ಅಕ್ಕ ಜಗಲಿಯಲ್ಲಿ ಕೂತು ಆ ಹರಿದ ಸೆಟ್‌ಗೆ ಝಿಗ್‌ಝ್ಯಾಗ್ ಹೊಲಿಗೆ ಹಾಕಿಸಲು ಪೇಟೆಯ ಯಾವ ಟೈಲರ್ ಒಳ್ಳೆಯವಳು ಅಂತ ಲೆಕ್ಕ ಹಾಕುತ್ತಿದ್ದರು. ಮಗಳು "ಬೇಡಮ್ಮ, ಬಿಸಾಡು" ಅಂದಳು. ಅಕ್ಕ ತಲೆ ಎತ್ತದೆ ಹೇಳಿದರು: "ಇದನ್ನು ಬೇಕಾದರೆ ಬಿಸಾಡುವ. ಇನ್ನೊಂದು ತರಿಸುವಾಗ ಮೊದಲು ನನ್ನ ಕೈಗೆ ಕೊಡು. ಊರಿನವರು ನೋಡುವ ಮೊದಲು ನಾನು ಎಳೆದು ನೋಡ್ತೇನೆ."

ಇನ್ನೊಂದು ತರಿಸುವಾಗ, ಅಂದರು. ಹುಡುಗಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಈ ಮಳೆಗಾಲ ಕಳೆದ ಮೇಲೆ ಅವಳು ಈಜು ಕಲಿಯಲು ಹೋಗುತ್ತಾಳೆ ಅಂತ ನನಗೆ ಆಸೆ ಇದೆ.